ಎರಡೂ ಕೈಯಲ್ಲಿ ಟೆನಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಎಡಗೈಯಲ್ಲೂ ಬಲಗೈಯಲ್ಲೂ ಬಾಣ ಬಿಡುತ್ತಿದ್ದ ಅರ್ಜುನನಿಗೆ ಸವ್ಯಸಾಚಿ ಅಂತ ಹೆಸರು. ನಾನು ಸವ್ಯಸಾಚಿ ಅಲ್ಲ. ಹುಟ್ಟಾ ಬಲಗೈಯವನು. ನಲವತ್ತು ದಾಟಿದ ಮೇಲೆ ಎಡಗೈಗೂ ರ‍್ಯಾಕೆಟ್ ಕೊಟ್ಟು ನೋಡಿದವನು. ಅಂದಿನಿಂದ ಕೋರ್ಟ್ ಪಕ್ಕ ನಿಂತವರು, ಜೊತೆಗೆ ಆಡುವವರು, ಪತ್ರ ಬರೆದವರು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾ ಬಂದಿದ್ದಾರೆ. ಕೇಳಿದವರ ಮಾತನ್ನು ಹಾಗೇ ಉಳಿಸಿಕೊಂಡಿದ್ದೇನೆ. ಉತ್ತರಗಳು ಬಲಗೈಯವರನ್ನು ಮನಸ್ಸಿನಲ್ಲಿಟ್ಟು ಬರೆದವು. ಎಡಗೈಯವರು ತಿರುಗಿಸಿ ಓದಿಕೊಳ್ಳಿ. ಕತ್ತರಿಯಿಂದ ಹಿಡಿದು ಎಲ್ಲವನ್ನೂ ತಿರುಗಿಸಿ ಬಳಸಿ ನಿಮಗೆ ಅಭ್ಯಾಸ ಇದ್ದೇ ಇರುತ್ತೆ ಅಲ್ವಾ!

## ಶುರು ಮಾಡುವ ಮೊದಲು

ಎರಡೂ ಕೈ ಅಂದ್ರೆ ರ‍್ಯಾಕೆಟ್ಟನ್ನು ಎರಡೂ ಕೈಯಲ್ಲಿ ಒಟ್ಟಿಗೆ ಹಿಡಿಯೋದಾ?

ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಆಟ ಇವೆ. ಒಂದು, ಎರಡೂ ಬದಿಗೆ ಎರಡೂ ಕೈ ಹಚ್ಚಿ ಹೊಡೆಯೋದು. ಮೋನಿಕಾ ಸೆಲೆಸ್ ಹೀಗೆ ಆಡಿ 9 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆದ್ದರು. 2013ರಲ್ಲಿ ವಿಂಬಲ್ಡನ್ ಗೆದ್ದ ಮರಿಯನ್ ಬಾರ್ತೊಲಿ ಆಟವೂ ಇದೇ.

ಇನ್ನೊಂದು, ಚೆಂಡು ಬಲಕ್ಕೆ ಬಂದರೆ ಬಲಗೈ, ಎಡಕ್ಕೆ ಬಂದರೆ ಎಡಗೈ. ಅಂದರೆ ಬ್ಯಾಕ್‌ಹ್ಯಾಂಡ್ (ಕೈಯನ್ನು ಮೈಗೆ ಅಡ್ಡ ತಂದು ಆಚೆ ಬದಿಯ ಚೆಂಡು ಹೊಡೆಯೋದು) ಅನ್ನೋದೇ ಇಲ್ಲ, ಎರಡೂ ಕಡೆ ಆ ಬದಿಯ ಕೈಯಲ್ಲೇ ಹೊಡೆಯುವ ಫೋರ್‌ಹ್ಯಾಂಡ್. ಜನ ನನ್ನನ್ನು ಕೇಳೋದು ಇದರ ಬಗ್ಗೆ, ಇಲ್ಲಿರುವ ಉತ್ತರಗಳೂ ಇದರ ಬಗ್ಗೆಯೇ. ಇವೆರಡಕ್ಕೂ ಒಳಗೊಳಗೇ ಒಂದು ನಂಟಿದೆ. ಅದು ಮುಂದೆ ಬರುತ್ತೆ.

ಆಟದ ಮಧ್ಯೆ ಕೈ ಬದಲಿಸಿದರೆ ಅಂಪೈರ್ ಪಾಯಿಂಟ್ ಕಿತ್ತುಕೊಳ್ಳಲ್ವಾ?

ಇಲ್ಲ. ಯಾವ ಕೈಯಲ್ಲಿ ಹೊಡೆಯಬೇಕು ಅಂತ ಟೆನಿಸ್ ನಿಯಮ ಹೇಳೋದೇ ಇಲ್ಲ. ಒಂದೇ ರ‍್ಯಾಲಿಯಲ್ಲಿ (ಸರ್ವ್ ಆದ ಮೇಲೆ ಚೆಂಡು ಆಚೀಚೆ ಹೋಗಿ ಬರುವ ಸರಣಿ) ಹತ್ತು ಸಲ ಬದಲಿಸಿ, ಒಂದು ಸರ್ವ್ ಬಲಗೈಯಲ್ಲಿ ಮಾಡಿ ಇನ್ನೊಂದನ್ನು ಎಡಗೈಯಲ್ಲಿ ಮಾಡಿ, ಯಾರೂ ಕೇಳುವಂತಿಲ್ಲ.

ಎರಡು ವಿಷಯಕ್ಕೆ ಮಾತ್ರ ಅಡ್ಡಿ ಇದೆ. ಆಟ ನಡೆಯುವಾಗ ಒಂದಕ್ಕಿಂತ ಜಾಸ್ತಿ ರ‍್ಯಾಕೆಟ್ ಬಳಸುವಂತಿಲ್ಲ. ಕೈಗೊಂದರಂತೆ ಎರಡು ಹಿಡಿಯುವ ಐಡಿಯಾ ಎಲ್ಲರಿಗೂ ಒಮ್ಮೆ ಬಂದೇ ಬರುತ್ತೆ, ಬಿಟ್ಟುಬಿಡಿ. ಇನ್ನೊಂದು, ಕೈಯಲ್ಲಿಲ್ಲದ ರ‍್ಯಾಕೆಟ್‌ಗೆ ಚೆಂಡು ತಗುಲಿದರೆ ಪಾಯಿಂಟ್ ಹೋಯಿತು. ಹಾಗಾಗಿ ಈ ಕೈಯಿಂದ ಆ ಕೈಗೆ ಎಸೆದು ಹಿಡಿಯುವ ಸರ್ಕಸ್ ಬೇಡ.

ಹೀಗೆ ಆಡಿ ಯಾರಾದ್ರೂ ಮೇಲೆ ಬಂದಿದ್ದಾರಾ? ಅಥವಾ ಬರೀ ಶೋಕಿನಾ?

ಬಂದಿದ್ದಾರೆ, ಬೆರಳಲ್ಲಿ ಎಣಿಸುವಷ್ಟು ಜನ. ಇಟಲಿಯ ಜಾರ್ಜಿಯೊ ಡಿ ಸ್ಟೆಫಾನಿ ಕೈ ಬದಲಿಸುತ್ತಾ 1932ರ ಫ್ರೆಂಚ್ ಚಾಂಪಿಯನ್‌ಶಿಪ್ ಫೈನಲ್‌ವರೆಗೆ ಹೋಗಿ ಆನ್ರಿ ಕೋಶೆಗೆ ಸೋತರು. ಅಮೆರಿಕದ ಬೆವರ್ಲಿ ಬೇಕರ್ ಫ್ಲೀಟ್ಸ್ ಎರಡೂ ಕಡೆ ಫೋರ್‌ಹ್ಯಾಂಡ್ ಹೊಡೆಯುತ್ತಿದ್ದರು. 1955ರ ವಿಂಬಲ್ಡನ್ ಫೈನಲ್‌ನಲ್ಲಿ ಲೂಯಿಸ್ ಬ್ರೋ ವಿರುದ್ಧ ಆಡಿದರು. ಇತ್ತೀಚಿನವರಲ್ಲಿ ರಷ್ಯಾದ ಎವ್ಗೇನಿಯಾ ಕುಲಿಕೋವ್ಸ್ಕಯಾ ಎರಡು ಫೋರ್‌ಹ್ಯಾಂಡ್ ಇಟ್ಟುಕೊಂಡೇ ಅಗ್ರ 100ರೊಳಗೆ ಬಂದರು.

ನನಗೆ ತುಂಬಾ ಇಷ್ಟವಾದವರು ಆಸ್ಟ್ರೇಲಿಯಾದ ಜಾನ್ ಬ್ರೋಮ್‌ವಿಚ್. ಸರ್ವ್ ಬಲಗೈಯಲ್ಲಿ, ಎಡಬದಿಗೆ ಎಡಗೈ ಫೋರ್‌ಹ್ಯಾಂಡ್, ಬಲಬದಿಗೆ ಎರಡೂ ಕೈ. ಯಾವ ಪುಸ್ತಕಕ್ಕೂ ಹೊಂದದ ಈ ಆಟದಿಂದ 1939 ಮತ್ತು 1946ರಲ್ಲಿ ಆಸ್ಟ್ರೇಲಿಯನ್ ಚಾಂಪಿಯನ್‌ಶಿಪ್ ಸಿಂಗಲ್ಸ್ ಗೆದ್ದರು.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. ಇದು ಸುಲಭದ ದಾರಿ ಆಗಿದ್ದರೆ ಈ ಪಟ್ಟಿ ಇಷ್ಟು ಚಿಕ್ಕದಾಗಿರುತ್ತಿರಲಿಲ್ಲ.

ಎಡಗೈಯಲ್ಲಿ ಒಂದು ಗೆರೆ ನೆಟ್ಟಗೆ ಎಳೆಯೋಕೂ ಬರಲ್ಲ ನಂಗೆ. ಆಗುತ್ತಾ?

ಬರೆಯೋದಕ್ಕೂ ಹೊಡೆಯೋದಕ್ಕೂ ಅಂಥ ಸಂಬಂಧ ಇಲ್ಲ. ರಫೆಲ್ ನಡಾಲ್ ಬರೆಯೋದು ಬಲಗೈಯಲ್ಲಿ, ಫ್ರೆಂಚ್ ಓಪನ್ 14 ಸಲ ಗೆದ್ದಿದ್ದು ಎಡಗೈಯಲ್ಲಿ. ಬರವಣಿಗೆ ಬೆರಳಿನ ಸಣ್ಣ ಕೆಲಸ. ಟೆನಿಸ್ ಹೊಡೆತಕ್ಕೆ ಬೇಕಾಗೋದು ಕಾಲು, ಸೊಂಟ, ಭುಜ. ಕೈ ಕೊನೆಗೆ ಬರುತ್ತೆ.

ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಬೇಕಾ? ಒಂದು ಚೆಂಡನ್ನು ಎಡಗೈಯಲ್ಲಿ ದೂರಕ್ಕೆ ಎಸೆದು ನೋಡಿ. ಬಲಗಾಲು ತಾನಾಗಿ ಮುಂದೆ ಬಂದು ಮೈ ತಿರುಗಿದರೆ ಅರ್ಧ ಕೆಲಸ ಆಗಿದೆ. ಬರೀ ತೋಳು ಬೀಸಿ ಚೆಂಡು ಕಾಲ ಬಳಿಯೇ ಬಿದ್ದರೆ ಬೇಜಾರು ಬೇಡ, ಬಹಳ ಜನ ಅಲ್ಲಿಂದಲೇ ಶುರು ಮಾಡೋದು. ನಾನೂ ಅಷ್ಟೇ.

ವಯಸ್ಸು 50. ತಡ ಆಯ್ತಾ?

ಪಂದ್ಯಾವಳಿ ಗೆಲ್ಲೋಕಾದರೆ ತಡ. ಕಲಿಯೋಕೆ ಅಲ್ಲ.

ನನ್ನ ಮಗಳಿಗೆ 7 ವರ್ಷ. ಎರಡೂ ಕೈಯಲ್ಲಿ ಹೊಡೀತಾಳೆ. ಕೋಚ್ ಒಂದು ಕೈ ಆರಿಸ್ಕೋ ಅಂತಾರೆ, ಏನು ಮಾಡಲಿ?

ಕೋಚ್ ಮಾತಿನಲ್ಲಿ ಅರ್ಥ ಇಲ್ಲ ಅನ್ನಲ್ಲ. ಒಂದು ಗುಂಪಿನಲ್ಲಿ ಹತ್ತು ಮಕ್ಕಳಿರುವಾಗ ಒಬ್ಬಳಿಗೆ ಎರಡೆರಡು ಪಾಠ ಹೇಳೋದು ಕಷ್ಟ. ಆದರೆ ಆ ವಯಸ್ಸಿನಲ್ಲಿ ಅವಸರ ಏನಿದೆ? ಚಿಕ್ಕ ಮಕ್ಕಳಿಗಂತಲೇ ಇರುವ ಕೆಂಪು ಚೆಂಡಿನ ಹಂತದಲ್ಲಿ ಆಟ ನಿಧಾನ, ಕೋರ್ಟ್ ಚಿಕ್ಕದು, ಕೈ ಬದಲಿಸೋಕೆ ಬೇಕಾದಷ್ಟು ಸಮಯ ಇರುತ್ತೆ. ಆಡಲಿ ಬಿಡಿ. ಚೆಂಡಿನ ವೇಗ ಜಾಸ್ತಿ ಆದಂತೆ ಮಗುವೇ ಒಂದು ದಾರಿ ಹಿಡಿಯುತ್ತೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಮಗು ಎಡಗೈಯದ್ದಾಗಿದ್ದರೆ ಬಲವಂತವಾಗಿ ಬಲಕ್ಕೆ ತಿರುಗಿಸಬೇಡಿ. ಕೆನ್ ರೋಸ್‌ವಾಲ್, ಮಾರ್ಗರೆಟ್ ಕೋರ್ಟ್ ಇಬ್ಬರೂ ಹುಟ್ಟಿನಿಂದ ಎಡಗೈಯವರು, ಬಲಗೈಯಲ್ಲಿ ಆಡಿ ದೊಡ್ಡ ಹೆಸರು ಮಾಡಿದರು, ನಿಜ. ಆದರೆ ಅವರು ರೋಸ್‌ವಾಲ್ ಮತ್ತು ಕೋರ್ಟ್. ನಮ್ಮ ನಿಮ್ಮ ಮಕ್ಕಳಿಗೆ ಇರುವ ಅನುಕೂಲವನ್ನು ಯಾಕೆ ಕಿತ್ತುಕೊಳ್ಳೋದು?

## ಎಡಗೈಗೆ ಪಾಠ

ಮೊದಲ ವಾರ ಏನು ಮಾಡಲಿ? ಸುಮ್ನೆ ಗೋಡೆಗೆ ಹೊಡೀತಾ ಇರ್ಲಾ?

ಗೋಡೆ ಆಮೇಲೆ. ಗೋಡೆ ಚೆಂಡನ್ನು ಬೇಗ ವಾಪಸ್ ಕಳಿಸುತ್ತೆ, ಅವಸರದಲ್ಲಿ ಕೈ ಕೆಟ್ಟ ಅಭ್ಯಾಸ ಕಲಿಯುತ್ತೆ. ಮೊದಲು ಎಡಗೈಯಲ್ಲಿ ಎಸೆಯಿರಿ, ಹಿಡಿಯಿರಿ. ರ‍್ಯಾಕೆಟ್ ಮೇಲೆ ಚೆಂಡು ಪುಟಿಸುತ್ತಾ ನಡೆಯಿರಿ. ಆಮೇಲೆ ನೆಟ್‌ನ ಆಚೀಚೆ ಸರ್ವಿಸ್ ಬಾಕ್ಸ್‌ನೊಳಗೆ ನಿಂತು ಗೆಳೆಯರೊಬ್ಬರ ಜೊತೆ ಮೆಲ್ಲಗೆ ಆಡಿ.

ಮಕ್ಕಳ ಚೆಂಡು ಬಳಸೋಕೆ ನಾಚಿಕೆ ಬೇಡ. ಕೆಂಪು ಚೆಂಡು ಮಾಮೂಲಿ ಹಳದಿ ಚೆಂಡಿಗಿಂತ ಸುಮಾರು 75 ಶೇಕಡ ನಿಧಾನ, ಕಿತ್ತಳೆ 50, ಹಸಿರು 25. ನಿಮ್ಮ ಎಡಗೈಗೆ ಈಗ ಆರು ವರ್ಷ ಅಂದುಕೊಳ್ಳಿ. ಅದಕ್ಕೆ ಆ ವಯಸ್ಸಿನ ಚೆಂಡು ಕೊಡಿ. ನಾನು ನೇರ ಹಳದಿ ಚೆಂಡಿಗೆ ಹೋಗಿ ಎರಡು ತಿಂಗಳು ದಂಡ ಮಾಡಿದೆ. ಚೆಂಡು ತಪ್ಪಿಸಿಕೊಳ್ಳದಂತೆ ಚುಚ್ಚಿ ಚುಚ್ಚಿ ಹೊಡೆಯೋ ಚಾಳಿ ಬಿತ್ತು. ಅದನ್ನು ಬಿಡಿಸೋಕೆ ಇನ್ನೂ ಎರಡು ತಿಂಗಳು.

ಗ್ರಿಪ್ ಹೇಗೆ? ಬಲಗೈಯದ್ದನ್ನೇ ಎಡಗೈಲಿ ಹಿಡಿದರೆ ಸಾಕಾ?

ಕನ್ನಡಿಯಲ್ಲಿ ಕಂಡ ಹಾಗೆ ಹಿಡಿಯಬೇಕು. ರ‍್ಯಾಕೆಟ್ ಹಿಡಿಕೆಗೆ ಎಂಟು ಮುಖ ಇವೆ. ಅಂಚು ನೆಲ ನೋಡುವ ಹಾಗೆ ರ‍್ಯಾಕೆಟ್ ನಿಲ್ಲಿಸಿದರೆ ಮೇಲಿನದು 1. ಹಿಡಿಕೆಯ ತುದಿ ನಿಮ್ಮ ಕಡೆ ಇರುವಾಗ ಬಲಗೈಯವರು ಗಡಿಯಾರದ ದಿಕ್ಕಿನಲ್ಲಿ ಎಣಿಸುತ್ತಾರೆ, ಎಡಗೈಗೆ ಎಣಿಕೆ ಉಲ್ಟಾ. ತೋರುಬೆರಳಿನ ಬುಡದ ಗೆಣ್ಣು 3ರ ಮೇಲೆ ಕೂತರೆ ಈಸ್ಟರ್ನ್, 4ರ ಮೇಲೆ ಸೆಮಿ ವೆಸ್ಟರ್ನ್, 2ರ ಮೇಲೆ ಕಾಂಟಿನೆಂಟಲ್.

ಕೈ ಬದಲಿಸಿ ಆಡುವವರಿಗೆ ನನ್ನ ಸಲಹೆ ಎರಡೂ ಕೈಗೆ ಈಸ್ಟರ್ನ್. ಯಾಕೆ ಅಂದರೆ ಎರಡೂ ಅಂಗೈ ಹಿಡಿಕೆಯ ಎದುರುಬದುರು ಬದಿಗೆ ಬರುತ್ತವೆ. ನಮಸ್ಕಾರ ಮಾಡುವಾಗ ಮಧ್ಯೆ ಹಿಡಿಕೆ ಸಿಕ್ಕಿಕೊಂಡ ಹಾಗೆ. ಯಾವ ಕೈ ಬಿಟ್ಟರೂ ಇನ್ನೊಂದು ಕೈ ಸರಿಯಾದ ಗ್ರಿಪ್‌ನಲ್ಲೇ ಇರುತ್ತೆ. ಸೆಮಿ ವೆಸ್ಟರ್ನ್‌ನಲ್ಲಿ ಪ್ರತಿ ಸಲ ರ‍್ಯಾಕೆಟ್ ತಿರುಗಿಸಬೇಕು, ಅದೊಂದು ಹೆಚ್ಚಿನ ಕೆಲಸ.

ಕೈ ಹೇಗೋ ಆಡುತ್ತೆ. ಕಾಲೇ ಮಾತು ಕೇಳ್ತಿಲ್ಲ!

ಸರಿಯಾಗಿ ಹಿಡಿದಿರಿ. ಹೊಸಬರು ಎಡಗೈಯನ್ನು ಬೈಯುತ್ತಾರೆ, ತಪ್ಪು ಮಾತ್ರ ಕಾಲಿನದು. ಎಷ್ಟೋ ವರ್ಷದಿಂದ ಎಡಕ್ಕೆ ಚೆಂಡು ಬಂದರೆ ಬ್ಯಾಕ್‌ಹ್ಯಾಂಡಿಗೆ ಬೇಕಾದಷ್ಟು ಹತ್ತಿರ ಹೋಗಿ ನಿಲ್ಲೋದನ್ನು ಕಾಲು ಕಲಿತಿದೆ. ಎಡಗೈ ಫೋರ್‌ಹ್ಯಾಂಡಿಗೆ ಚೆಂಡು ಮೈಯಿಂದ ಇನ್ನೂ ದೂರ ಇರಬೇಕು, ಯಾಕೆಂದರೆ ಹೊಡೆಯೋ ಭುಜ ಈಗ ಚೆಂಡಿನ ಬದಿಯಲ್ಲೇ ಇದೆ. ಹತ್ತಿರ ಹೋದರೆ ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತೆ, ಹೊಡೆತ ಸಾಯುತ್ತೆ.

ಮದ್ದು ಸುಲಭ. ರ‍್ಯಾಕೆಟ್ ಬದಿಗಿಡಿ. ಗೆಳೆಯರು ಎಡಕ್ಕೆ ಚೆಂಡು ಉರುಳಿಸಲಿ. ನೀವು ಓಡಿ ಎಡಗೈ ಚಾಚಿ ಹಿಡಿಯಿರಿ. ಎಡಗಾಲಿನ ಮೇಲೆ ಭಾರ ಬರಲಿ, ಬಲಭುಜ ನೆಟ್ ಕಡೆ ತಿರುಗಲಿ. ನೋಡುವವರಿಗೆ ತಮಾಷೆ ಅನ್ನಿಸಬಹುದು. ನನಗೆ ಮಾತ್ರ ಇದರಷ್ಟು ಕೆಲಸಕ್ಕೆ ಬಂದ ಅಭ್ಯಾಸ ಇನ್ನೊಂದಿಲ್ಲ.

ಎಡಗೈ ಕಲಿತರೆ ಬಲಗೈ ಆಟ ಕೆಡುತ್ತಾ?

ಕೆಡಲ್ಲ. ಆದರೆ ದಿನಕ್ಕೆ ಇರುವುದು ಅಷ್ಟೇ ಗಂಟೆ. ಎಡಗೈಗೆ ಕೊಟ್ಟ ಸಮಯ ಬಲಗೈಯಿಂದ ಕಿತ್ತದ್ದೇ. ಲಾಭವೂ ಇದೆ. ಒಂದು ಕೈಗೆ ವ್ಯಾಯಾಮ ಕೊಟ್ಟರೆ ಇನ್ನೊಂದು ಕೈಯ ಬಲವೂ ಸ್ವಲ್ಪ ಏರುತ್ತೆ ಅನ್ನೋದು ವೈದ್ಯಲೋಕಕ್ಕೆ ಹಳೆಯ ಸಂಗತಿ. ಅದಕ್ಕಿಂತ ಜಾಸ್ತಿ ನನಗೆ ದಕ್ಕಿದ್ದು ಬೇರೆಯೇ. ಬಲಗೈ ಯೋಚನೆ ಇಲ್ಲದೆ ಮಾಡುವ ಕೆಲಸವನ್ನು ಎಡಗೈಗೆ ಬಿಡಿಸಿ ಹೇಳಬೇಕಾದಾಗ, ನನ್ನ ಬಲಗೈಯ ಎರಡು ಮೂರು ಹಳೇ ತಪ್ಪು ಕಣ್ಣಿಗೆ ಬಿದ್ದವು.

ಎಷ್ಟು ದಿನಕ್ಕೆ ಬರುತ್ತೆ?

ನನ್ನ ಲೆಕ್ಕ ಹೇಳ್ತೀನಿ, ನಿಮ್ಮದು ಬೇರೆ ಇರಬಹುದು. ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತು ನಿಮಿಷ. ಚಿಕ್ಕ ಕೋರ್ಟ್‌ನಲ್ಲಿ ಹತ್ತು ಹೊಡೆತದ ರ‍್ಯಾಲಿಗೆ ಆರು ವಾರ. ಬೇಸ್‌ಲೈನ್‌ನಿಂದ (ಕೋರ್ಟಿನ ಹಿಂಬದಿ ಗೆರೆ) ನಂಬುವಂಥ ಫೋರ್‌ಹ್ಯಾಂಡಿಗೆ ಎಂಟು ತಿಂಗಳು. ಪಂದ್ಯದಲ್ಲಿ ಭಯ ಇಲ್ಲದೆ ಕೈ ಬದಲಿಸೋದಕ್ಕೆ ಎರಡು ವರ್ಷ ಹಿಡಿಯಿತು. ಮೂರನೆಯದ್ದೇ ಯಾಕೆ ಇಷ್ಟು ಉದ್ದ? ಮುಂದಿನ ಭಾಗ ಅದರ ಬಗ್ಗೆಯೇ.

ಎಡ ಮೊಣಕೈ ನೋಯ್ತಾ ಇದೆ. ಮುಂದುವರಿಸಲಾ?

ನಿಲ್ಲಿಸಿ. ಬಲಗೈ ಸ್ನಾಯುಗಳು ಎಷ್ಟೋ ವರ್ಷದಿಂದ ಪೆಟ್ಟು ತಿಂದು ಗಟ್ಟಿಯಾಗಿವೆ, ಎಡಗೈಗೆ ಆ ಅಭ್ಯಾಸ ಇಲ್ಲ. ಹೊಸಬರು ಹೆದರಿ ಹಿಡಿಕೆಯನ್ನು ಹಿಂಡಿ ಹಿಡಿಯುತ್ತಾರೆ, ಚೆಂಡನ್ನು ತಡವಾಗಿ ಹೊಡೆಯುತ್ತಾರೆ. ಎರಡೂ ಸೇರಿ ಮೊಣಕೈಗೆ ಕಂಟಕ. ಮೊಣಕೈ ಹೊರಬದಿಯಲ್ಲಿ, ಲೋಟ ಎತ್ತುವಾಗಲೂ ನೋವು ಕಾಣಿಸಿದರೆ ಟೆನಿಸ್ ಎಲ್ಬೋ ಇರಬಹುದು, ಡಾಕ್ಟರಿಗೆ ತೋರಿಸಿ. ವಾಪಸ್ ಬಂದ ಮೇಲೆ ತಂತಿ ಸ್ವಲ್ಪ ಸಡಿಲ ಹಾಕಿಸಿ, ನಿಮಿಷಗಳನ್ನು ಮೆಲ್ಲಗೆ ಏರಿಸಿ. ಸರ್ವ್ ಕೊನೆಗೆ ಇರಲಿ, ಭುಜಕ್ಕೆ ಅದೇ ಜಾಸ್ತಿ ಭಾರ.

## ಕೈ ಬದಲಿಸುವ ಗಳಿಗೆ

ಕೈ ಬದಲಿಸೋಷ್ಟರಲ್ಲಿ ಚೆಂಡು ಹಿಂದೆ ಹೋಗಿರುತ್ತೆ. ಗುಟ್ಟೇನು?

ಎಡಗೈ ಫೋರ್‌ಹ್ಯಾಂಡ್ ಕಲಿಯೋದು ಬರೀ ಸಮಯದ ಮಾತು. ನಿಜವಾದ ಕಷ್ಟ ಇಲ್ಲಿದೆ. ಕೋರ್ಟ್ ಉದ್ದ 23.77 ಮೀಟರ್. ಮಾಮೂಲಿ ರ‍್ಯಾಲಿಯಲ್ಲಿ ಚೆಂಡು ಆ ಕಡೆಯಿಂದ ಈ ಕಡೆಗೆ ಒಂದೆರಡು ಸೆಕೆಂಡಿನಲ್ಲಿ ಬರುತ್ತೆ. ಅಷ್ಟರಲ್ಲಿ ನೋಡಬೇಕು, ತೀರ್ಮಾನಿಸಬೇಕು, ಓಡಬೇಕು, ಕೈ ಬದಲಿಸಬೇಕು, ಹೊಡೆಯಬೇಕು.

ಜೊತೆಗೆ ಇನ್ನೊಂದು ತಲೆನೋವು. ಹಿಡಿಕೆಯ ಬುಡದಲ್ಲಿ ಜಾಗ ಇರೋದು ಒಂದೇ ಕೈಗೆ. ಬಲಗೈ ಬುಡದಲ್ಲಿದ್ದರೆ ಎಡಗೈ ಅದರ ಮೇಲೆ. ಎಡಗೈಯಲ್ಲಿ ಅಲ್ಲಿಂದಲೇ ಹೊಡೆದರೆ ರ‍್ಯಾಕೆಟ್ ಗಿಡ್ಡ ಆದ ಹಾಗೆ. ಚಾಚು ಕಡಿಮೆ, ವೇಗವೂ ಕಡಿಮೆ.

ನಾನು ಬಹಳ ದಿನ ಬಲಗೈಯನ್ನು ಪೂರ್ತಿ ಬಿಟ್ಟು ಎಡಗೈಯನ್ನು ಹೊಸದಾಗಿ ಹಿಡಿಸೋಕೆ ಒದ್ದಾಡಿದೆ. ಮಧ್ಯೆ ಒಂದು ಕ್ಷಣ ರ‍್ಯಾಕೆಟ್ ಯಾರ ಕೈಯಲ್ಲೂ ಸರಿಯಾಗಿ ಇರುತ್ತಿರಲಿಲ್ಲ. ಆಮೇಲೆ ಹೊಳೆಯಿತು. ಬಲಗೈಯವರ ಎರಡು ಕೈ ಬ್ಯಾಕ್‌ಹ್ಯಾಂಡಿನಲ್ಲಿ ದೊಡ್ಡ ಕೆಲಸ ಮಾಡೋದು ಎಡಗೈ. ಅಂದರೆ ಅದು ಬಲಗೈ ಜೊತೆಗಿಟ್ಟುಕೊಂಡ ಎಡಗೈ ಫೋರ್‌ಹ್ಯಾಂಡೇ! ಹಾಗಾದರೆ ಕೈ ಬದಲಿಸುವ ದಾರಿ ಅದರ ಮೂಲಕವೇ ಹಾದುಹೋಗಲಿ.

ಈಗ ನಾನು ಮಾಡೋದು ಹೀಗೆ. ಕಾಯುವಾಗ ಬಲಗೈ ಹಿಡಿಕೆಯ ಬುಡದಲ್ಲಿ, ಎಡಗೈ ರ‍್ಯಾಕೆಟ್ ಕುತ್ತಿಗೆಯಲ್ಲಿ. ಚೆಂಡು ಎಡಕ್ಕೆ ಅಂತ ಗೊತ್ತಾದ ಕೂಡಲೇ ಭುಜ ತಿರುಗಿಸ್ತೀನಿ. ತಿರುಗುವಾಗಲೇ ಎಡಗೈ ಜಾರಿ ಬಲಗೈ ಮೇಲೆ ಬಂದು ಕೂರುತ್ತೆ. ಇದು ಎರಡು ಕೈ ಬ್ಯಾಕ್‌ಹ್ಯಾಂಡ್. ಸಮಯ ಇದ್ದರೆ ಬಲಗೈ ಸಡಿಲಿಸಿ ಕಳಚಿಕೊಳ್ತೀನಿ, ಎಡಗೈ ಬುಡಕ್ಕೆ ಇಳಿಯುತ್ತೆ, ಫೋರ್‌ಹ್ಯಾಂಡ್. ಸಮಯ ಇಲ್ಲವಾ? ಬಲಗೈ ಅಲ್ಲೇ ಇರಲಿ, ಬ್ಯಾಕ್‌ಹ್ಯಾಂಡ್ ಹೊಡೆದರಾಯಿತು. ಅವಸರದಲ್ಲಿ ಕೈ ಖಾಲಿ ಬೀಳೋ ಭಯವೇ ಹೋಯಿತು.

ಅದಕ್ಕೇ ಎಡಗೈ ಆಟ ಕಲಿಯಬೇಕು ಅಂದವರಿಗೆ ನಾನು ಮೊದಲು ಕೇಳೋದು: ನಿಮ್ಮ ಎರಡು ಕೈ ಬ್ಯಾಕ್‌ಹ್ಯಾಂಡ್ ಹೇಗಿದೆ? ಚೆನ್ನಾಗಿಲ್ಲ ಅಂದರೆ ಅಲ್ಲಿಂದ ಶುರು ಮಾಡಿ. ಮನೆಯಲ್ಲಿ ಟಿವಿ ನೋಡುವಾಗ ಈ ಜಾರಿಸುವ ಅಭ್ಯಾಸ ಸಾವಿರ ಸಲ ಮಾಡಬಹುದು. ದೀಪ, ಹೂದಾನಿ ದೂರ ಇರಲಿ.

ಎರಡು ಹಿಡಿಕೆಯ ರ‍್ಯಾಕೆಟ್ ಇದೆಯಂತೆ. ತಗೊಳ್ಳಲಾ?

ಇದೆ. ಅಮೆರಿಕದ ಬ್ರಯಾನ್ ಬ್ಯಾಟಿಸ್ಟೋನ್ ಅಂಥದ್ದನ್ನು ಹಿಡಿದು ವೃತ್ತಿಪರ ಡಬಲ್ಸ್ ಆಡಿದ್ದಾರೆ. ಎರಡೂ ಕೈಗೆ ಬುಡ ಸಿಗುತ್ತೆ ಅನ್ನೋದು ಅದರ ಹೆಚ್ಚುಗಾರಿಕೆ. ಆದರೆ ಅದಕ್ಕೆ ಒಗ್ಗಿಕೊಂಡರೆ ಬೇರೆ ರ‍್ಯಾಕೆಟ್ ಹಿಡಿಯೋಕಾಗಲ್ಲ, ಮುರಿದರೆ ಪಕ್ಕದವರದ್ದನ್ನು ಕೇಳೋ ಹಾಗಿಲ್ಲ. ಮಾಮೂಲಿ ರ‍್ಯಾಕೆಟ್‌ಗೇ ಓವರ್‌ಗ್ರಿಪ್ಪನ್ನು (ಹಿಡಿಕೆಗೆ ಸುತ್ತುವ ತೆಳು ಪಟ್ಟಿ) ಸ್ವಲ್ಪ ಮೇಲಿನವರೆಗೆ ಸುತ್ತಿಕೊಳ್ಳಿ. ಸದ್ಯಕ್ಕೆ ಅಷ್ಟು ಸಾಕು.

ಮೈ ಮೇಲೇ ಬಂದ ಚೆಂಡಿಗೆ ಯಾವ ಕೈ?

ಈ ಆಟದ ದೊಡ್ಡ ತೂತು ಇದೇ. ಬುದ್ಧಿವಂತ ಎದುರಾಳಿ ಎರಡು ಗೇಮ್ ಕಳೆಯೋದರೊಳಗೆ ಕಂಡುಹಿಡಿದುಬಿಡುತ್ತಾರೆ. ಎರಡು ಆಯ್ಕೆ ಇದ್ದಾಗ ಮನಸ್ಸು ತಡವರಿಸುತ್ತೆ, ಹೊಟ್ಟೆಗೆ ನೇರ ಬಂದ ಚೆಂಡಿಗೆ ಎರಡೂ ಕೈ ಏಳಲ್ಲ. ಆದ್ದರಿಂದ ಆಯ್ಕೆಯನ್ನೇ ತೆಗೆದುಹಾಕಿ. ಅನುಮಾನ ಬಂದರೆ ಬಲಗೈ, ಯಾವತ್ತೂ. ತಪ್ಪಾದರೂ ಬಲಗೈಯೇ.

ನೆಟ್ ಹತ್ತಿರ ವಾಲಿ ಮಾಡುವಾಗ?

ಬದಲಿಸಬೇಡಿ. ವಾಲಿ ಅಂದರೆ ಚೆಂಡು ನೆಲಕ್ಕೆ ಬೀಳೋ ಮೊದಲೇ ಹೊಡೆಯೋದು, ಸಮಯ ಅರ್ಧಕ್ಕೆ ಇಳಿದಿರುತ್ತೆ. ಕಾಂಟಿನೆಂಟಲ್ ಗ್ರಿಪ್‌ನಲ್ಲಿ ಒಂದೇ ಕೈ ಎರಡೂ ಬದಿಗೆ ಸಾಕು. ಎಡ ಭುಜದ ಮೇಲೆ ಎತ್ತರಕ್ಕೆ ಬಂದ ನಿಧಾನದ ಲಾಬ್ ಒಂದಕ್ಕೆ ಮಾತ್ರ ರಿಯಾಯಿತಿ. ಬ್ಯಾಕ್‌ಹ್ಯಾಂಡ್ ಸ್ಮ್ಯಾಶ್ ಅನ್ನೋ ಕಷ್ಟದ ಹೊಡೆತದ ಬದಲು ಎಡಗೈ ಸ್ಮ್ಯಾಶ್ ಹೊಡೆಯಬಹುದು. ಒಮ್ಮೆ ಕೂಡಿಬಂದರೆ ಆ ಖುಷಿ ವಾರ ಪೂರ್ತಿ ಇರುತ್ತೆ.

## ಪಂದ್ಯದೊಳಗೆ

ಎರಡೂ ಕೈಯಲ್ಲಿ ಸರ್ವ್ ಮಾಡಿದರೆ ನಿಜಕ್ಕೂ ಲಾಭ ಇದೆಯಾ?

ಕಾಗದದ ಮೇಲೆ ಲಾಭ ದೊಡ್ಡದು. ಬಲಗೈಯ ಸ್ಲೈಸ್ (ಚೆಂಡಿನ ಬದಿಯನ್ನು ಸವರಿ ಹೊಡೆದ ಸರ್ವ್), ಸರ್ವ್ ಮಾಡುವವರ ಎಡಕ್ಕೆ ಬಾಗುತ್ತೆ. ಹಾಗಾಗಿ ಡ್ಯೂಸ್ ಕೋರ್ಟ್‌ನಲ್ಲಿ (ಬಲ ಅರ್ಧದಿಂದ ಸರ್ವ್ ಮಾಡುವಾಗ) ಎದುರಾಳಿಯನ್ನು ಹೊರಗೆ ಎಳೆಯುತ್ತೆ. ಎಡಗೈ ಸ್ಲೈಸ್ ಬಲಕ್ಕೆ ಬಾಗಿ ಅಡ್ವಾಂಟೇಜ್ ಕೋರ್ಟ್‌ನಲ್ಲಿ (ಎಡ ಅರ್ಧದಿಂದ ಮಾಡುವಾಗ) ಅದೇ ಕೆಲಸ ಮಾಡುತ್ತೆ. 30-40 ಇದ್ದಾಗ, ಅಂದರೆ ಇನ್ನೊಂದು ಪಾಯಿಂಟ್ ಹೋದರೆ ಗೇಮೇ ಕೈತಪ್ಪುವಾಗ, ಸರ್ವ್ ಬೀಳೋದು ಆ ಬದಿಗೇ, ಎಡಗೈಯವರ ಬಗ್ಗೆ ಎಲ್ಲರೂ ಗೊಣಗೋದು ಅದಕ್ಕೇ. ಎರಡೂ ಕೈಯವರು ಎರಡೂ ಬದಿಯಲ್ಲಿ ಹೊರಗೆ ಎಳೆಯಬಹುದು. ದಕ್ಷಿಣ ಕೊರಿಯಾದ ಕಿಮ್ ಚಿಯೊಂಗ್ ಯುಯಿ ಎರಡೂ ಕೈಯಲ್ಲಿ ಸರ್ವ್ ಮಾಡುತ್ತಿದ್ದರು. ತಮ್ಮ ಮರ್ಫಿ ಜೊತೆ 1993ರ ಫ್ರೆಂಚ್ ಓಪನ್ ಡಬಲ್ಸ್ ಗೆದ್ದ ಲ್ಯೂಕ್ ಜೆನ್ಸನ್ ಕೂಡ ಅಷ್ಟೇ.

ಕೋರ್ಟ್ ಮೇಲೆ ಕಥೆ ಬೇರೆ. ಎಡಗೈ ಬೀಸು ಕಲಿಯೋದಕ್ಕಿಂತ ಬಲಗೈಯಲ್ಲಿ ಟಾಸ್ (ಸರ್ವ್ ಹೊಡೆಯೋಕೆ ಚೆಂಡನ್ನು ಮೇಲಕ್ಕೆ ಎತ್ತಿಬಿಡೋದು) ಕಲಿಯೋದು ಕಷ್ಟ! ಹೊಡೆಯೋಕೆ ಹುಟ್ಟಿದ ಕೈ ಚೆಂಡನ್ನು ಎತ್ತಿಡೋ ಬದಲು ಎಸೆದುಬಿಡುತ್ತೆ. ನನ್ನ ಎಡಗೈ ಸರ್ವ್ ಇಂದಿಗೂ, ಮೊದಲನೆಯದು ತಪ್ಪಿದಾಗ ಮೆಲ್ಲಗೆ ಮಾಡುವ ಎರಡನೇ ಸರ್ವ್ ಅನ್ನಿಸಿಕೊಳ್ಳುವ ಮಟ್ಟದಲ್ಲಿದೆ. ಆದರೂ ಒಂದು ದಿನ ಅದು ಕಾಪಾಡಿತು. ಸೂರ್ಯ ಸರಿಯಾಗಿ ಬಲಗೈ ಸರ್ವಿನ ಟಾಸ್ ಇರುವ ಜಾಗದಲ್ಲೇ ಕೂತಿದ್ದ. ಎಡಗೈಗೆ ಬದಲಿಸಿದೆ, ಟಾಸ್ ಆ ಬದಿಗೆ ಹೋಯಿತು, ಚೆಂಡು ಕಾಣಿಸಿತು.

ರಿಟರ್ನ್‌ಗೆ ಕೈ ಬದಲಿಸಬಹುದಾ?

ಎರಡನೇ ಸರ್ವ್‌ಗೆ ಬದಲಿಸಿ. ಜೋರಾದ ಮೊದಲ ಸರ್ವ್‌ಗೆ ಬೇಡ.

ಹಾಗಾದರೆ ಬ್ಯಾಕ್‌ಹ್ಯಾಂಡನ್ನು ಪೂರ್ತಿ ಬಿಟ್ಟೇ ಬಿಡಲಾ?

ಬಿಡಬೇಡಿ. ಇದು ನನ್ನ ಅಭಿಪ್ರಾಯ, ಎರಡು ಫೋರ್‌ಹ್ಯಾಂಡ್ ಕಟ್ಟಾಭಿಮಾನಿಗಳು ಒಪ್ಪಲ್ಲ. ಎಡಗೈಗೆ ಎರಡು ಕೆಲಸ ತುಂಬಾ ಚೆನ್ನಾಗಿ ಬರುತ್ತೆ. ಒಂದು, ಎಡಕ್ಕೆ ತುಂಬಾ ದೂರ ಹೋದ ಚೆಂಡು. ಎರಡು ಕೈ ಬ್ಯಾಕ್‌ಹ್ಯಾಂಡಿಗೆ ಎಟುಕದ್ದು ಎಡಗೈಗೆ ಎಟುಕುತ್ತೆ. ಮರಿಯಾ ಶರಪೋವಾ ಸಿಕ್ಕಿಬಿದ್ದಾಗ ಎಡಗೈಯಲ್ಲಿ ಹೊಡೆದು ಪಾಯಿಂಟ್ ಉಳಿಸಿಕೊಳ್ಳುತ್ತಿದ್ದದ್ದು ಇಂಥ ಕಡೆಯೇ. ಇನ್ನೊಂದು, ಎಡಕ್ಕೆ ಬಿದ್ದು ಭುಜದೆತ್ತರಕ್ಕೆ ಪುಟಿಯುವ ನಿಧಾನದ ಚೆಂಡು. ಅಲ್ಲಿ ಫೋರ್‌ಹ್ಯಾಂಡ್ ರಾಜ. ಉಳಿದದ್ದಕ್ಕೆಲ್ಲ ಎರಡು ಕೈ ಬ್ಯಾಕ್‌ಹ್ಯಾಂಡ್ ಸಾಕು. ಎಡಗೈ ಕಲಿತ ಮೇಲೆ ಅದೂ ಗಟ್ಟಿಯಾಗಿರುತ್ತೆ.

ಪಂದ್ಯದಲ್ಲಿ ಯಾವಾಗಿಂದ ಬಳಸಲಿ? ಸೋಲೋ ಭಯ.

ಸೋಲ್ತೀರಿ. ಮೊದಲ ಕೆಲವು ತಿಂಗಳು ನಿಮಗಿಂತ ಕಡಿಮೆ ಆಡುವವರಿಗೂ ಸೋಲ್ತೀರಿ, ಅದಕ್ಕೆ ಸಿದ್ಧರಾಗಿ. ನಾನು ಲೆಕ್ಕಕ್ಕಿಲ್ಲದ ಸ್ನೇಹದ ಆಟದಲ್ಲಿ ಶುರು ಮಾಡಿದೆ. 40-0 ಮುಂದಿದ್ದಾಗ ಮಾತ್ರ ಎಡಗೈ. ಅದು ಸಲೀಸಾದ ಮೇಲೆ 30-0 ಇದ್ದಾಗಲೂ. ಎದುರಿಗೆ ಆಡುವವರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ತಮ್ಮನ್ನು ಹೀಯಾಳಿಸ್ತಿದ್ದೀರಿ ಅಂದುಕೊಳ್ಳುತ್ತಾರೆ. ನನ್ನ ಜೊತೆಗಾರ ಮೊದಲ ದಿನ ಮುನಿಸಿಕೊಂಡಿದ್ದ. ಈಗ ಅವನೂ ಕೆಂಪು ಚೆಂಡು ಕೊಂಡಿದ್ದಾನೆ.